ಕೋನು ಕೂರುವ ಹದ

ಬೆಂಗಳೂರಿನ ಗಿರಿನಗರದ ಇಳಿಜಾರಿನಲ್ಲಿ ಸೈಕಲ್ಲಿನ ಮುಂದಿನ ಚಕ್ರ ಕಟಕಟ ಎಂದರೆ ಪಳಗಿದವರು ಇಳಿದು ನಿಲ್ಲುತ್ತಾರೆ. ಒಂದು ಕೈಯಲ್ಲಿ ಫೋರ್ಕು, ಇನ್ನೊಂದರಲ್ಲಿ ರಿಮ್ಮು ಹಿಡಿದು ಅಡ್ಡಡ್ಡ ಅಲುಗಿಸುತ್ತಾರೆ. ರಿಮ್ಮು ಕೂದಲೆಳೆಯಷ್ಟು ಆಡಿದರೂ ಬೆರಳಿಗೆ ಗೊತ್ತಾಗುತ್ತದೆ: ಚಕ್ರದ ನಡುವಿನ ಹಬ್ಬಿನ ಬೇರಿಂಗ್ ಲೂಸಾಗಿದೆ.

ಹಬ್ಬಿನ ಎರಡೂ ತುದಿಯಲ್ಲಿ ಒಂದೊಂದು ಕಪ್ಪು, ಅದರೊಳಗೆ ಗ್ರೀಸಿನಲ್ಲಿ ಮುಳುಗಿದ ಉಕ್ಕಿನ ಗುಂಡುಗಳು, ಅವನ್ನು ಒತ್ತಿ ಹಿಡಿಯಲು ಬುಗುರಿಯ ಮೂತಿಯಂಥ ಕೋನು. ಸಾಮಾನ್ಯವಾಗಿ ಮುಂದಿನ ಚಕ್ರಕ್ಕೆ ಒಂದೊಂದು ಬದಿಗೆ 3/16 ಇಂಚಿನ 10 ಗುಂಡು, ಹಿಂದಿನದಕ್ಕೆ ಕಾಲಿಂಚಿನ 9. ಇಷ್ಟರ ಮೇಲೆ ಸವಾರ, ಹಾಲಿನ ಕ್ಯಾನು, ಪೇಪರ್ ಕಟ್ಟು ಎಲ್ಲದರ ಭಾರ!

ಪ್ಯಾರಿಸ್ಸಿನ ಜೂಲ್ ಸುರಿರೇ ಸೈಕಲ್ಲಿನ ಬಾಲ್ ಬೇರಿಂಗಿಗೆ ಪೇಟೆಂಟ್ ಪಡೆದದ್ದು 1869ರಲ್ಲಿ. ಅದೇ ವರ್ಷ ನವೆಂಬರಿನ ಪ್ಯಾರಿಸ್-ರೂಆನ್ ರೇಸನ್ನು ಜೇಮ್ಸ್ ಮೂರ್ ಗೆದ್ದದ್ದು ಅಂಥ ಬೇರಿಂಗಿನ ಸೈಕಲ್ಲಿನ ಮೇಲೆ. ಇಂದು ಸೀಲ್ಡ್ ಬೇರಿಂಗಿನ ಹಬ್ಬುಗಳು ಬೇಕಾದಷ್ಟಿವೆ. ಆದರೂ ನಮ್ಮ ಹೀರೋ, ಅಟ್ಲಾಸ್, ಹರ್ಕ್ಯುಲಿಸ್ ಸೈಕಲ್ಲುಗಳನ್ನು ಹೊತ್ತದ್ದು ಈ ಕಪ್ಪು-ಕೋನೇ. ಶಿಮಾನೊ ಕಂಪನಿ ತನ್ನ ದುಬಾರಿ ಡ್ಯೂರಾ-ಏಸ್ ಹಬ್ಬಿನಲ್ಲೂ ಇದನ್ನು ಬಿಟ್ಟಿಲ್ಲ.

ಈ ಕೆಲಸದ ಸುಖವಿರುವುದು ಹದ ಹಿಡಿಯುವುದರಲ್ಲಿ. ಮನೆಯ ದಪ್ಪ ಸ್ಪ್ಯಾನರು ಕೋನಿನ ಸಂದಿಗೆ ಹೋಗದು. ತೆಳ್ಳನೆಯ ಕೋನ್ ಸ್ಪ್ಯಾನರೇ ಬೇಕು. ಗೇರ್ ಸೈಕಲ್ಲುಗಳಲ್ಲಿ ಹೆಚ್ಚಾಗಿ ಮುಂದಕ್ಕೆ 13, ಹಿಂದಕ್ಕೆ 15 ಮಿ.ಮೀ. ಹಿಂದಿನ ಚಕ್ರವಾದರೆ ಫ್ರೀವೀಲ್ ಇಲ್ಲದ ಎಡಬದಿಯಲ್ಲೇ ಕೈಯಾಡಿಸಬೇಕು. ಕೋನನ್ನು ಅಲುಗದಂತೆ ಹಿಡಿದು ಲಾಕ್ ನಟ್ಟು ಸಡಿಲಿಸಿ, ಬೆರಳಲ್ಲೇ ಕೋನನ್ನು ಗುಂಡಿಗೆ ತಾಗುವವರೆಗೆ ತಿರುಗಿಸಿ, ಕೊಂಚ ಹಿಂದಕ್ಕೆ ತರಬೇಕು. ಕೊಂಚವೆಂದರೆ ಎಷ್ಟು? ಆಕ್ಸಲಿನ ಮರೆ (ಥ್ರೆಡ್) ಒಂದು ಸುತ್ತಿಗೆ 1 ಮಿ.ಮೀ. ಮುಂದೆ ಹೋಗುವಂಥದ್ದಾದರೆ, ಎಂಟನೇ ಒಂದು ಸುತ್ತು 0.125 ಮಿ.ಮೀ. ಅಷ್ಟೂ ಹೆಚ್ಚಾದೀತು.

ತಮಾಷೆಯೆಂದರೆ, ಸರಿಯಾಗಿ ಕೂತ ಕೋನು ಲಾಕ್ ನಟ್ಟು ಬಿಗಿದೊಡನೆ ಬದಲಾಗುತ್ತದೆ. ಮರೆಯೊಳಗಿನ ಸಂದಿ ತುಂಬಿ ಕೋನು ಇನ್ನೂ ಒಳಸರಿಯುತ್ತದೆ. ಚಕ್ರ ಬಿಗಿಯಲು ಕ್ವಿಕ್ ರಿಲೀಸ್ ಸನ್ನೆ ಇದ್ದರೆ ಅದರ ಹಿಡಿತಕ್ಕೆ ಆಕ್ಸಲೂ ಒಂದಿಷ್ಟು ಒತ್ತಿಕೊಳ್ಳುತ್ತದೆ. ಅದಕ್ಕೇ ಜಾಣ ಕೈ ಮೊದಲೇ ಅಷ್ಟು ಆಟ ಬಿಟ್ಟಿರುತ್ತದೆ. ಚಕ್ರವನ್ನು ಫೋರ್ಕಿಗೆ ಬಿಗಿದಾಗ ಆ ಆಟ ಮಾಯ. ಈ ಅಂದಾಜು ಪುಸ್ತಕದಿಂದ ಬರುವುದಲ್ಲ, ಬಿಗಿದು ಬಿಚ್ಚಿ, ಬಿಚ್ಚಿ ಬಿಗಿದು ಬರುವಂಥದ್ದು.

ಹದ ಸಿಕ್ಕಿತೇ ಎಂದು ಚಕ್ರವೇ ಹೇಳುತ್ತದೆ. ಮುಂಭಾಗ ಎತ್ತಿ, ವಾಲ್ವನ್ನು ಪಕ್ಕಕ್ಕೆ ತಂದು ಕೈಬಿಡಿ. ಕೆಲವೇ ಗ್ರಾಂ ಭಾರದ ಆ ವಾಲ್ವು ಇಡೀ ಚಕ್ರವನ್ನು ಎಳೆದುಕೊಂಡು ಕೆಳಗೆ ಬಂದು, ಆಚೆ ಹೋಗಿ, ಮತ್ತೆ ಈಚೆ ಬಂದು ತೂಗುತ್ತದೆ. (ರಿಫ್ಲೆಕ್ಟರ್ ಇದ್ದರೆ ತೂಕದ ಲೆಕ್ಕ ಬೇರೆ.) ಚಕ್ರ ಥಟ್ಟನೆ ನಿಂತರೆ ಕೋನು ಬಿಗಿ. ಆಕ್ಸಲನ್ನು ಬೆರಳಲ್ಲಿ ತಿರುಗಿಸುವಾಗ ಗರಗರ ಎಂದರೆ ಮಳೆನೀರೋ ರಸ್ತೆ ಅಗೆತದ ಧೂಳೋ ಗ್ರೀಸಿಗೆ ಸೇರಿದೆ. ಆಗ ಬಿಚ್ಚಿ ತೊಳೆದು, ಹೊಸ ಗುಂಡು, ಹೊಸ ಗ್ರೀಸು ಹಾಕುವುದೇ ಸರಿ.

ಲೂಸಾದ ಬೇರಿಂಗಿನಲ್ಲೇ ಓಡಿಸುತ್ತಿದ್ದರೆ ಗುಂಡುಗಳು ಬಡಿದು ಬಡಿದು ಕೋನಿನಲ್ಲಿ ಗುಳಿ ಬೀಳುತ್ತವೆ. ಕೋನೂ ಗುಂಡೂ ಕಡಿಮೆ ದುಡ್ಡಿಗೆ ಸಿಗುತ್ತವೆ. ಹಬ್ಬಿಗೇ ಕೂರಿಸಿದ ಕಪ್ಪು ಹಾಳಾದರೆ ಮಾತ್ರ ಸಾಮಾನ್ಯವಾಗಿ ಹಬ್ಬನ್ನೇ ಬದಲಾಯಿಸಿ, ಕಡ್ಡಿಗಳನ್ನು ಮತ್ತೆ ಹೆಣೆಸಬೇಕು. ಈ ಭಾನುವಾರ ತುರಹಳ್ಳಿ ಕಾಡಿನ ಕಡೆ ಹೊರಡುವವರು ಗಾಳಿ ನೋಡುವಾಗಲೇ ಎರಡೂ ರಿಮ್ಮುಗಳನ್ನು ಒಮ್ಮೆ ಹಿಡಿದು ಅಲುಗಿಸಿ ನೋಡಿ.