ಸಾಕು

ಬಾಜೂ ಮನಿ ಕಾಕು ನಮ್ಮ ಸ್ಟೀಲ ಡಬ್ಬಿ ವಾಪಸ ಕೊಟ್ಟು ಹೋದ್ರು. ಮುಚ್ಚಳಾ ತಗದು ನೋಡಿದ್ರ ಖಾಲಿ.

ನಮ್ಮ ಧಾರವಾಡ ಕಡೆ ಮಂದಿಗೆ ಇದರ ಅರ್ಥ ಬಿಡಿಸಿ ಹೇಳೂದು ಬ್ಯಾಡ. ಒಬ್ಬರ ಮನಿ ಡಬ್ಬಿ ಖಾಲಿ ಕೊಡೂ ಪದ್ಧತಿನ ನಮ್ಮಲ್ಲೆ ಇಲ್ಲ. ಏನೂ ಇಲ್ಲಂದ್ರ ಒಂದು ಚಮಚಾ ಸಕ್ಕರಿನರ ಹಾಕಿ ಕೊಡಬೇಕು. ನಾವು ಮಾಳಮಡ್ಡಿಗೆ ಬಂದ 22 ವರ್ಷದಾಗ ಆ ಡಬ್ಬಿ ಎಷ್ಟು ಸಲ ಕಂಪೌಂಡ ದಾಟೇದೋ ಲೆಕ್ಕಿಲ್ಲ. ಹೋಗೂಮುಂದ ಮಾದ್ಲಿ, ಬರೂಮುಂದ ಶೇಂಗಾ ಚಟ್ನಿ. ಹೋಗೂಮುಂದ ಅವಲಕ್ಕಿ ಚೂಡಾ, ಬರೂಮುಂದ ಎಳ್ಳುಂಡಿ. ಈ ಸಲ ಪಂಚಮಿ ಉಂಡಿ ಹಾಕಿ ಮಗಳ ಕೈಲೆ ಕಳಿಸಿದ್ದೆ, ಖಾಲಿ ಬಂತು. ನಾ ಮುಚ್ಚಳಾ ಹಾಕಿ ನಮ್ಮ ನಾಯಿ ಕಡೆ ನೋಡಿದೆ. ಆಕಿ ಗೇಟಿನ ಮ್ಯಾಲೆ ಮುಂದಿನ ಎರಡೂ ಕಾಲು ಇಟ್ಟು ಪೇಪರ ಬಿಲ್ಲಿನಾಂವಗ ಬೊಗಳಲಿಕತ್ತಿದ್ಲು.

ನಾಯಿ ನಾವು ಕೇಳಿ ತಂದದ್ದಲ್ಲ. ಹಿಂದಿನ ವರ್ಷ ಮಳಿಗಾಲದಾಗ ಮಗಳು ಕಾಲೇಜಿನಿಂದ ಬರೂಮುಂದ ಸ್ವೆಟರಿನಾಗ ಸುತಗೊಂಡು ಬಂದ್ಲು. ಗಟಾರದ ದಂಡಿಗೆ ಕೂತು ನಡಗಲಿಕತ್ತಿತ್ತಂತ. ಹುರದ ಶೇಂಗಾ ಸಿಪ್ಪಿ ಬಣ್ಣ, ಅದಕ್ಕ ಹೆಸರೂ ಶೇಂಗಾ ಅಂತನ ಆತು. ನಮ್ಮತ್ತಿಯವರು ದೇವರ ಖೋಲಿ ಬಾಗಲದಾಗ ನಿಂತು ಒಂದ ಮಾತು ಹೇಳಿದ್ರು. "ಸಾಕೂದು ಅಂದ್ರ ಹೊಟ್ಟಿಗೆ ಹಾಕೂದಷ್ಟ ಅಲ್ಲವಾ. ಸಾಕಲಿಕ್ಕೆ ಆಗೂದಿಲ್ಲಂದ್ರ ಈಗನ ಸಾಕು ಅಂದುಬಿಡು." ನಾ ಹೂಂ ಅಂದೆ. ಹೂಂ ಅನ್ನಲಿಕ್ಕೆ ರೊಕ್ಕ ಕೊಡಬೇಕೇನು?

ಹೊಟ್ಟಿಗೆ ಹಾಕೂದನ್ನ ಕಲೀಲಿಕ್ಕೇ ನಮಗ ಎರಡು ತಿಂಗಳು ಹಿಡೀತು. ಬಟ್ಟಲ ತುಂಬ ಹಾಲು ಹಾಕಿದ್ರ ಹೊಟ್ಟಿ ಕೆಟ್ಟು ಅಂಗಳೆಲ್ಲ ಹೊಲಸು. ನಾವು ಉಂಡ ಉಳಿದ ಸಾರು ಹಾಕ್ತಿದ್ವಿ. ದನದ ದವಾಖಾನಿ ಡಾಕ್ಟರು ಉಳ್ಳಾಗಡ್ಡಿ ಹಾಕಬ್ಯಾಡ್ರಿ, ರಕ್ತ ಕೆಡಸ್ತದ ಅಂದ್ರು. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಕೆಟ್ಟದ್ದು, ಚಾಕಲೇಟಂತೂ ವಿಷಾನ ಅಂದ್ರು. ಅವತ್ತಿನಿಂದ ಆಕಿಗೆ ಉಪ್ಪು ಖಾರ ಇಲ್ಲದ ಬ್ಯಾರೆ ಅನ್ನ. ತತ್ತಿ ಕುದಸಲಿಕ್ಕೆ ಹಿತ್ತಲದಾಗ ಒಂದು ಹಳೇ ಸ್ಟೋವ್ ಇಟ್ವಿ. ಅಡಗಿಮನಿಯೊಳಗ ತತ್ತಿ ಬಂದ್ರ ತಾವು ಹೊರಗ ಹೋಗೂದಾಗಿ ಅತ್ತಿಯವರು ಹೇಳಿದ್ರು. ಅದಕ್ಕ ದಿನಾ ಮುಂಜಾನೆ ನಮ್ಮನಿಯವರು ಛತ್ರಿ ಹಿಡಕೊಂಡು ಹಿತ್ತಲದಾಗ ತತ್ತಿ ಕುದಸ್ತಿದ್ರು. ಮೂರು ತಿಂಗಳಿಗೆ ರೇಬೀಸ್ ಸೂಜಿ, ಮುಂದ ವರ್ಷಕ್ಕೊಮ್ಮೆ ತಪ್ಪದಂಗ ಅಂತ ಕ್ಯಾಲೆಂಡರಿನಾಗ ಕೆಂಪ ಗುರ್ತು. ಮರಿ ಹಾಕದಂಗ ಆಪರೇಷನ್ನೂ ಆತು. ಎಲ್ಲಾ ಮಾಡಿದ್ವಿ ಅಂತ ನಮಗ ಭಾಳ ಹೆಮ್ಮಿ.

ದೊಡ್ಡಾಕಿ ಆಗಿ ಬೊಗಳಲಿಕ್ಕೆ ಸುರು ಮಾಡಿದ್ಲು. ಹಾಲಿನಾಂವಗ, ಪೇಪರಿನಾಂವಗ, ಕಾಯಿಪಲ್ಲೆ ಗಾಡಿಗೆ, ಕೊರಿಯರ್ ಹುಡುಗಗ. ಗಿಡದ ಮ್ಯಾಲಿನ ಅಳಿಲಿಗೂ ಸೈತ. ನಾವು ಒಳಗಿನಿಂದ "ಏ ಶೇಂಗಾ, ಸುಮ್ಮನಿರ!" ಅಂತ ಒದರತಿದ್ವಿ. ನಾವು ಒದರಿದಷ್ಟೂ ಆಕಿ ಜೋರು. ಮನಿ ಮಂದಿಯೆಲ್ಲಾ ನನ್ನ ಜೋಡಿ ಬೊಗಳಲಿಕತ್ತಾರ ಅಂತ ಆಕಿಗೆ ಅನಿಸಿರಬೇಕು.

ಇದು ಮೊದಲೂ ನಡದಿತ್ತು, ಯಾರೂ ಏನೂ ಅಂದಿದ್ದಿಲ್ಲ. ಆದ್ರ ಈ ಸಲ ಬ್ಯಾಸಗ್ಯಾಗ ಬಾಜೂ ಮನಿ ಕಾಕಾಗ ಲಕ್ವಾ ಹೊಡೀತು. ಮೂರು ವಾರ ದವಾಖಾನಿ ಕಂಡು ಮನಿಗೆ ಬಂದ್ರು. ಬಲಗೈ ಏಳವಲ್ದು, ಮಾತು ತೊದಲು. ಅವರ ಖೋಲಿ ಕಿಡಕಿ ನಮ್ಮ ಗೇಟಿಗೆ ಹತ್ತಿದಂಗ ಅದ. ರಾತ್ರಿ ಹೆಂಗೂ ನಿದ್ದಿ ಇಲ್ಲ, ಮಧ್ಯಾಹ್ನ ಒಂದು ತಾಸು ಕಣ್ಣು ಹತ್ತೂದು, ಅಷ್ಟರಾಗ ಶೇಂಗಾ ಒಮ್ಮೆಲೆ ಬೊಗಳೂದು. ಅವರು ಬೆಚ್ಚಿ ಎದ್ದು ಕೂಡೂದು ನನಗ ನಮ್ಮ ಅಡಗಿಮನಿಯಿಂದ ಕಾಣಸ್ತಿತ್ತು. ಕಂಡಾಗೊಮ್ಮೆ ನಾ ಕಿಡಕಿ ಬಿಟ್ಟು ಸರೀತಿದ್ದೆ.

ಡಬ್ಬಿ ಖಾಲಿ ಬಂದ ರಾತ್ರಿ ನಮ್ಮನಿಯವರು ಅಂದ್ರು, "ಕಲಘಟಗಿ ಕಡೆ ನಮ್ಮ ದೋಸ್ತಂದು ಹೊಲ ಅದ. ಅಲ್ಲೆ ಬಿಟ್ಟರ ಆರಾಮ ಇರ್ತಾಳ." ಮಗಳು ತಾಟು ಸರಿಸಿ ಎದ್ದು ಹೋದ್ಲು. ಮನಿಯೊಳಗ ಬೆಳದ ನಾಯಿ ಹೊಲದಾಗ ಹೆಂಗ ಆರಾಮ ಇರ್ತದ ಅಂತ ಅವರಿಗೂ ಗೊತ್ತಿತ್ತು, ಅದಕ್ಕ ನನ್ನ ಮಾರಿ ನೋಡದನ ಹೇಳಿದ್ರು. ನಾ ಒಂದು ತಿಂಗಳು ಟೈಮ್ ಕೇಳಿದೆ.

ಮರುದಿನ ಡಾಕ್ಟರ ಕಡೆ ಹೋಗಿ, ಬೊಗಳೂದು ನಿಂದ್ರಸಲಿಕ್ಕೆ ಏನರ ಔಷಧ ಅದ ಏನ್ರಿ ಅಂತ ಕೇಳಿದೆ. ಅವರು ನಕ್ಕು ಅಂದ್ರು, "ಯಾಕ ಬೊಗಳ್ತದ ಅಂತ ಮೊದಲ ಗೊತ್ತ ಮಾಡಕೋರಿ. ಒಂದು ವಾರ ಬರೀರಿ. ಎಷ್ಟು ಗಂಟೆಕ್ಕ, ಯಾರಿಗೆ, ಅದರ ನಂತರ ಏನಾತು."

ಹಾಲಿನ ಲೆಕ್ಕದ ಡೈರಿ ಹಿಂದಿನ ಹಾಳಿ ಮ್ಯಾಲೆ ಬರದೆ. ವಾರದಾಗ 61 ಸಲ. ಓದಿ ನೋಡಿದ್ರ ಅದು ಒಂದ ಬೊಗಳು ಅಲ್ಲ, ನಾಲ್ಕು ಥರದ್ದು. ಗೇಟಿನಾಗ ಬಂದವರಿಗೆ ಬೊಗಳೂದು ಎಲ್ಲಾದಕ್ಕಿಂತ ಹೆಚ್ಚು. ನಾವು ಉಣ್ಣೂಮುಂದ ಬೇಡೂ ಬೊಗಳು ಎರಡನೇದ್ದು. ಒಬ್ಬಾಕಿನ ಬಿಟ್ಟು ಹೋದಾಗಿಂದು ಮೂರನೇದ್ದು. ರಾತ್ರಿ ಓಣಿ ನಾಯಿಗೆ ಉತ್ತರ ಕೊಡೂದು ನಾಲ್ಕನೇದ್ದು. ನಾವು ನಾಲ್ಕಕ್ಕೂ ಒಂದ ಔಷಧ ಕೊಡ್ತಿದ್ವಿ, ಒದರೂದು.

ಗೇಟಿನ ಗುಟ್ಟು ಡೈರಿಯ "ನಂತರ ಏನಾತು" ಅನ್ನೂ ಸಾಲಿನಾಗ ಇತ್ತು. ಪೇಪರಿನಾಂವ ಬಂದ, ಶೇಂಗಾ ಬೊಗಳಿದ್ಲು, ಅಂವ ಹೋದ. ಅಂವ ಹೆಂಗೂ ಹೋಗಾಂವನ. ಆದ್ರ ಆಕಿ ಲೆಕ್ಕದಾಗ ಓಡಿಸಿದಾಕಿ ತಾನ. ದಿನಾ ಗೆದ್ದಾಕಿ ಯಾಕ ಬಿಡ್ತಾಳ? ಅದಕ್ಕ ಗೇಟಿನ ಕೆಳಗಿನ ಅರ್ಧಕ್ಕ ಹಸರು ಜಾಳಗಿ ಕಟ್ಟಿದ್ವಿ, ರಸ್ತಾ ಕಾಣದಂಗ. ಅರ್ಧ ಬೊಗಳು ಅಲ್ಲೇ ಮುಗೀತು. ಉಳಿದ ಅರ್ಧಕ್ಕ ಒಂದು ಮಾತು ಕಲಸಬೇಕಾಗಿತ್ತು. ಏನು ಮಾತು ಅಂತ ಮನ್ಯಾಗ ಚರ್ಚಾ ಆಗಿ, ಅತ್ತಿಯವರು ಮೊದಲ ದಿನ ಅಂದ ಮಾತನ್ನ ಆರಸಿದ್ವಿ. ಸಾಕು.

ಕಲಸೂದು ಹಿಂಗ. ಮಗಳು ಹೊರಗ ಹೋಗಿ ಬೆಲ್ ಒತ್ತೂದು. ಶೇಂಗಾ ಎರಡು ಮೂರು ಸಲ ಬೊಗಳಲಿ, ಅದು ಆಕಿ ಡ್ಯೂಟಿ. ಆಮ್ಯಾಲೆ ನಾ ಹತ್ತರ ಹೋಗಿ, ಒದರಲಾರದ, ಒಮ್ಮೆ ಅಷ್ಟ "ಸಾಕು" ಅಂದು ಶೇಂಗಾ ಕಾಳಿನಷ್ಟ ತತ್ತಿ ಚೂರು ಮೂಗಿನ ಮುಂದ ಹಿಡಿಯೂದು. ಮೂಸೂ ನಾಯಿಗೆ ಅದ ಹೊತ್ತಿಗೆ ಬೊಗಳಲಿಕ್ಕೆ ಬರೂದಿಲ್ಲ. ಬಾಯಿ ಸುಮ್ಮನಾದ ಕೂಡಲೇ ಚೂರು ಕೊಡೂದು. ಮೊದಲ ಎರಡು ಸೆಕೆಂಡ್ ಸುಮ್ಮನಾದ್ರ ಚೂರು, ಆಮ್ಯಾಲೆ ಐದು, ಆಮ್ಯಾಲೆ ಹತ್ತು. ದಿನಕ್ಕ ಎರಡು ಹೊತ್ತು ಹತ್ತು ಹತ್ತು ಸಲ. ಓಣ್ಯಾಗಿನ ಮಂದಿ, ತಮ್ಮ ಮನಿ ಬೆಲ್ ತಾವ ಒತ್ತಕೊಳ್ಳೂ ಮಂದಿ ಇವರು ಅಂತ ನಮ್ಮನ್ನ ನೋಡಿ ನೋಡಿ ಹೋಗ್ತಿದ್ರು.

ಬೇಡೂ ಬೊಗಳಿನ ಗುಟ್ಟು ನಮ್ಮ ಪಡಸಾಲ್ಯಾಗ ಸಿಕ್ತು. ಆಕಿ ಬೊಗಳಿದ್ರ ಯಾರೋ ಒಬ್ಬರು ರೊಟ್ಟಿ ಚೂರು ಒಗೀತಿದ್ರು. ನಾಯಿ ಬ್ಯಾಡ ಅಂದಿದ್ದ ನಮ್ಮತ್ತಿಯವರ! "ಎಷ್ಟು ಒದರತದೋ, ಕಿವಿ ಹರೀತದ ಅಂತ ಕೊಟ್ಟೆವಾ" ಅಂದ್ರು. ಬಂದ ಮಾಡಿದ್ವಿ. ಬಂದ ಮಾಡಿದ್ರ ಕಮ್ಮಿ ಆಗ್ತದ ಅಂದಕೊಂಡಿದ್ದೆ, ಮೊದಲ ನಾಲ್ಕು ದಿನ ಡಬಲ್ ಆತು. ಇದನ್ನ ಡಾಕ್ಟರು ಮೊದಲ ಹೇಳಿದ್ರು. ಹಿಂದ ಸಿಗ್ತಿದ್ದದ್ದು ಸಿಗಲಿಲ್ಲಂದ್ರ ಮೊದಲ ಇನ್ನೂ ಜೋರ ಕೇಳ್ತದ, ಆಗ ಸೋತು ಕೊಟ್ಟರ ಇಷ್ಟು ಜೋರ ಬೊಗಳಿದ್ರ ಸಿಗ್ತದ ಅಂತ ಕಲೀತದ. ನಾವು ಕಿವಿಗೆ ಹತ್ತಿ ಇಟಗೊಂಡು ಉಂಡ್ವಿ. ಆರನೇ ದಿನ ತಾನ ಹೋಗಿ ಚಾಪಿ ಮ್ಯಾಲೆ ಮಲಕೊಂಡ್ಲು. ಆವಾಗ ಎದ್ದು ಹೋಗಿ ಕೊಟ್ಟೆ.

ಒಬ್ಬಾಕಿನ ಬಿಡೂದನ್ನ ಒಂದು ನಿಮಿಷದಿಂದ ಸುರು ಮಾಡಿದ್ವಿ. ಹೊರಗ ಹೋಗಿ ಕೀಲಿ ಹಾಕೂದು, ಆಕಿ ಒದರೂದರೊಳಗ ಬರೂದು. ಆಮ್ಯಾಲೆ ಮೂರು ನಿಮಿಷ, ಐದು, ಹದಿನೈದು. ಹೋಗೂಮುಂದ ಹಳೇ ಟಾವೆಲಿನಾಗ ರೊಟ್ಟಿ ಚೂರು ಸುತ್ತಿ ಕೊಡೂದು, ಬಿಚ್ಚೂದರಾಗ ಆಕಿ ಹೊತ್ತು ಹೋಗ್ತಿತ್ತು. ಮುಂಜಾನೆ ಅಡ್ಡಾಡಸಲಿಕ್ಕೆ ಕರಕೊಂಡು ಹೋಗೂಮುಂದ ಹಗ್ಗ ಜಗ್ಗೂದು ಬಿಟ್ಟು, ಮೂಸೂದನ್ನ ಮೂಸಲಿಕ್ಕೆ ಬಿಟ್ಟೆ. ನಮಗ ಪೇಪರ ಓದಿದಂಗ ಅದು ಆಕಿಗೆ.

ರಾತ್ರಿಯ ಔಷಧ ನಮಗ ತುಟ್ಟಿ ಬಿತ್ತು. ಹೊರಗ ಕಟ್ಟಿದ ನಾಯಿ ಕಾವಲ ಕಾಯ್ತದ, ಒಳಗ ಮಲಗಿದ್ದು ಮಲಗ್ತದ. ಒಳಗ ಅಂದ್ರ ಅತ್ತಿಯವರ ಮಡಿ. ಅದನ್ನ ಕೇಳಲಿಕ್ಕೆ ನನಗ ಬಾಯಿ ಬರಲಿಲ್ಲ. ಒಂದಿನ ರಾತ್ರಿ ಅವರ ಎದ್ದು, ಹಳೇ ಕೌದಿ ಒಂದನ್ನ ಪಾವಟಿಗಿ ಕೆಳಗ ಹಾಸಿ, "ಇಲ್ಲೆ ತನಕಾ ಅಷ್ಟ. ಇದನ್ನ ದಾಟಿದ್ರ ನೋಡು ಮತ್ತ" ಅಂದ್ರು. ನನಗ ಹೇಳಿದ್ರೋ ನಾಯಿಗೆ ಹೇಳಿದ್ರೋ ಗೊತ್ತಾಗಲಿಲ್ಲ, ಇಬ್ಬರೂ ಪಾಲಸಲಿಕತ್ತೇವಿ.

ಎಲ್ಲಾ ನೆಟ್ಟಗ ಆತು ಅಂತ ಹೇಳೂದಿಲ್ಲ. ಒಂದು ದಿನ ಮಧ್ಯಾಹ್ನ ಕಾಕಾ ಮಲಗಿದಾಗ ಬೊಗಳಿದ್ದಕ್ಕ ಸಿಟ್ಟಿಗೆದ್ದು ಕಸಬರಿಗಿಲೆ ಹೊಡದೆ. ಆಕಿ ಬೊಗಳೂದೇನೂ ಬಿಡಲಿಲ್ಲ, ನಾ ಕಸಾ ಹೊಡಿಯೂಮುಂದ ಮೂಲಿಗೆ ಹೋಗಿ ಕೂಡೂದು ಕಲತ್ಲು. ಅದನ್ನ ಬಿಡಸಲಿಕ್ಕೆ ಮತ್ತ ಒಂದು ವಾರ ಹೋತು. ಬಾಯಿ ಕಟ್ಟಿ ಬಿಡ್ರಿ ಅಂತ ಹೇಳಿದವರೂ ಇದ್ರು. ನಾಯಿ ಮೈ ತಂಪ ಮಾಡಕೊಳ್ಳೂದು ಬಾಯಿ ತಗದು ತೇಕೂದರಿಂದ, ಬಾಯಿ ಬಿಗದ ಕಟ್ಟಿದ್ರ ಜೀವಕ್ಕ ಬರ್ತದ. ನಡುವ ಗಣಪತಿ ಹಬ್ಬ ಬಂತು, ಪಟಾಕ್ಷಿ, ಡಾಲ್ಬಿ. ಅದು ಹೆದರಿಕಿ ಬೊಗಳು, ಅದಕ್ಕ "ಸಾಕು" ಅಂದು ಉಪಯೋಗಿಲ್ಲ. ಕಿಡಕಿ ಮುಚ್ಚಿ, ಫ್ಯಾನ್ ಹಚ್ಚಿ, ಮಗಳು ಪಾವಟಿಗಿ ಕೆಳಗ ಆಕಿ ಜೋಡಿ ಕೂತ್ಲು.

ತಿಂಗಳಾದ ಮ್ಯಾಲೆ ಮತ್ತ ವಾರ ಪೂರ್ತಿ ಬರದೆ, 19 ಸಲ. ಆ ಹಾಳಿ ಹರಕೊಂಡು, ಡಬ್ಬಿ ತುಂಬ ಹೆಸರುಂಡಿ ಹಾಕೊಂಡು, ಕಾಕು ಕಡೆ ಹೋದೆ. ಕಾಕಾ ದವಾಖಾನಿಯಿಂದ ಬಂದ ಮ್ಯಾಲೆ ನಾ ಅವರ ಹೊಸ್ತಲ ದಾಟಿದ್ದು ಅದ ಮೊದಲ. ನಾಚಿಕಿಗೆ ಹೋಗಿದ್ದಿಲ್ಲ. ಕೂಡೂದರಾಗ ಸುರು ಮಾಡಿದೆ, "ಕಾಕು, ನಾಯಿದು ಭಾಳ ತ್ರಾಸ ಆತ್ರಿ ನಿಮಗ, ಅದಕ್ಕ ನೀವು ಡಬ್ಬಿ..."

"ಯಾವ ಡಬ್ಬಿ?" ಅಂದ್ರು. ನೆನಪ ಮಾಡಕೊಂಡು ಅಂದ್ರು, "ಅಯ್ಯ ಅದಾ! ಅವತ್ತ ಮನ್ಯಾಗ ಸಕ್ಕರಿ ಸೈತ ಇದ್ದಿಲ್ಲವಾ. ಇವರನ್ನ ಬಿಟ್ಟು ಅಂಗಡಿಗೆ ಹೋಗಲಿಕ್ಕೆ ಬರವಲ್ದು. ಖಾಲಿ ಹೆಂಗ ಕೊಡ್ಲಿ ಅಂತ ಎರಡು ದಿನ ಇಟಗೊಂಡಿದ್ದೆ." ಸ್ವಲ್ಪ ಹೊತ್ತು ಸುಮ್ಮನ ಕೂತು, "ನಾಯಿ ಬೊಗಳಿದ್ದು ತ್ರಾಸ ಆತು, ಸುಳ್ಳ ಯಾಕ ಹೇಳ್ಲಿ. ಆದ್ರ ನೀ ಬರಲಿಲ್ಲಲ್ಲಾ, ಅದು..." ಅಂದು ಸೆರಗಲೆ ಕಣ್ಣು ಒರಸಿಕೊಂಡ್ರು.

ಕೈಯಾಗಿನ ಹಾಳಿ ತೋರಸಲಿಕ್ಕೆ ನನಗ ಮನಸಾಗಲಿಲ್ಲ. ನಾಯಿ ಯಾಕ ಬೊಗಳ್ತದ ಅಂತ ಒಂದು ವಾರ ಕೂತು ಬರದಾಕಿ ನಾನು. ಡಬ್ಬಿ ಯಾಕ ಖಾಲಿ ಬಂತು ಅಂತ ಒಂದು ಮಾತು ಕೇಳಲಿಲ್ಲ. ಅವತ್ತಿನಿಂದ ಅವರ ಅಂಗಡಿ ಚೀಟಿ ನಮ್ಮ ಚೀಟಿ ಜೋಡಿನ ಹೋಗ್ತದ.

ಈಗ ಸಂಜಿಮುಂದ ಕಾಕಾ ವಾಕರ್ ಹಿಡಕೊಂಡು ಕಟ್ಟಿ ಮ್ಯಾಲೆ ಬಂದು ಕೂಡ್ತಾರ. ಮಾತು ಇನ್ನೂ ಪೂರಾ ಬಂದಿಲ್ಲ. ಕಾಯಿಪಲ್ಲೆ ಗಾಡಿ ಬಂದ್ರ ಶೇಂಗಾ ಮೂರು ಸಲ ಬೊಗಳ್ತಾಳ, ಕಾಕಾ ಕಂಪೌಂಡ ಆಚೆಯಿಂದ "ಹಾಕು" ಅಂತಾರ. ಅವರ ಬಾಯಾಗ ಸ ಇನ್ನೂ ತಿರಗವಲ್ದು. ಆಕಿ ಮಾತ್ರ ಸುಮ್ಮನಾಗಿ, ಗೋಡಿ ಹತ್ತರ ಹೋಗಿ, ಮೂಗು ಎತ್ತಿ ನಿಂದರತಾಳ. ಕಾಕಾ ಎಡಗೈಲೆ ಒಂದು ರೊಟ್ಟಿ ಚೂರು ಒಗೀತಾರ. ಮಾತು ಕಲಸೂ ಡಾಕ್ಟರು ಹೇಳಿದ ಶಬ್ದಕ್ಕಿಂತ ಇದನ್ನ ಹೆಚ್ಚು ಅಂತಾರ ಅಂತ ಕಾಕು ನಗ್ತಾರ.

ಇಷ್ಟು ಬರಿಯೂದರಾಗ ಗ್ಯಾಸಿನಾಂವ ಬಂದ. ಒಂದು, ಎರಡು, ಮೂರು. ಏಳಬೇಕು, ಸಿಲಿಂಡರ್ ಒಳಗ ತಗೋಬೇಕು. ಇವತ್ತಿಗೆ ಸಾಕು.