ಆಟಕ್ಕೊಂದು ಸೀಮೆ

ಪುಣೆಯಿಂದ ಸೋಲಾಪುರ, ಉಮರ್ಗಾ ಹಾಯ್ದು ಬರುವ 65ನೇ ರಾಷ್ಟ್ರೀಯ ಹೆದ್ದಾರಿ ಬೀದರ್ ಜಿಲ್ಲೆಯ ಒಂದು ಅಂಚಿನಿಂದ ಒಳಗೆ ಬಂದು ಇನ್ನೊಂದು ಅಂಚಿನಿಂದ ಹೊರಗೆ ಹೋಗಿಬಿಡುತ್ತದೆ. ಸಸ್ತಾಪುರ ಬಂಗ್ಲಾ, ಹುಮನಾಬಾದ್, ಮನ್ನಾಏಖೇಳ್ಳಿ. ಅದರಾಚೆ ತೆಲಂಗಾಣ. ಹಳೇ ಡ್ರೈವರುಗಳ ಬಾಯಲ್ಲಿ ಇದು ಈಗಲೂ ಒಂಬತ್ತನೇ ನಂಬರಿನ ರೋಡೇ. ನಿದ್ದೆ ಹತ್ತಿದ ಪ್ರಯಾಣಿಕನಿಗೆ ಕರ್ನಾಟಕ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ನಾನು ಮಾತ್ರ ಎದ್ದು ಕೂತಿದ್ದೆ. ಕಿಟಕಿಯಾಚೆ ಬಯಲುಗಳಲ್ಲಿ ಹುಡುಗರು ಏನು ಆಡುತ್ತಿದ್ದಾರೆ ಅಂತ ನೋಡಿಕೊಂಡು ಬರುವುದು ನನ್ನ ಚಟ. ಕೋಟೆ, ಗುಡಿ ನೋಡುವವರು ನೋಡಲಿ. ಊರಿನ ಮಾತು ಹೇಗೆ ಹದಿನೈದಿಪ್ಪತ್ತು ಮೈಲಿಗೆ ಬದಲಾಗುತ್ತದೋ ಆಟವೂ ಹಾಗೇ ಬದಲಾಗುತ್ತದೆ ಅನ್ನುವುದು ನನಗೆ ಇನ್ನೂ ಹಳತಾಗದ ಬೆರಗು.

ಕ್ರಿಕೆಟ್ ಎಲ್ಲ ಕಡೆ ಇದೆ, ಬಿಡಿ. ಅದನ್ನು ಲೆಕ್ಕಕ್ಕೆ ಹಿಡಿದರೆ ದೇಶವೆಲ್ಲ ಒಂದೇ ಬಣ್ಣ. ಅದನ್ನು ಪಕ್ಕಕ್ಕಿಟ್ಟು ನೋಡಿದಾಗಲೇ ನೆಲದ ಗೆರೆಗಳು ಕಾಣಿಸುವುದು.

ಬಸವಕಲ್ಯಾಣದಿಂದ ಗಡಿ ದಾಟಿದರೆ ಲಾತೂರ್ ಜಿಲ್ಲೆಯ ನಿಲಂಗಾ ತಾಲ್ಲೂಕು. ಅಲ್ಲಿನ ರಾಮಲಿಂಗ ಮುದಗಡ ಎಂಬ ಹಳ್ಳಿಯವರು ಹರಿಶ್ಚಂದ್ರ ಬಿರಾಜದಾರ್. 1970ರಲ್ಲಿ ಎಡಿನ್‌ಬರೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕುಸ್ತಿಯ ಚಿನ್ನ ಗೆದ್ದವರು. ಅವರ ಅಡ್ಡಹೆಸರಿನವರು ಗಡಿಯ ಈಚೆಗೂ ಊರಿಗೆ ನಾಲ್ಕು ಮನೆ ಸಿಗುತ್ತಾರೆ. ಅವರು ಕಲಿಯಲು ಹೋದದ್ದು ಕೊಲ್ಹಾಪುರದ ತಾಲೀಮಿಗೆ. ಕೊಲ್ಹಾಪುರ ಕುಸ್ತಿಯ ಊರಾದದ್ದು ಅಲ್ಲಿನ ನೀರಿನ ಗುಣದಿಂದ ಅಂತ ಹೇಳುವವರಿದ್ದಾರೆ. ಇರಬಹುದು, ಆದರೆ ಶಾಹೂ ಮಹಾರಾಜರ ಖಜಾನೆಯ ಗುಣವನ್ನೂ ಸೇರಿಸಿಕೊಳ್ಳಬೇಕು. ಪೈಲ್ವಾನರಿಗೆ ಊಟ, ತಾಲೀಮುಗಳಿಗೆ ಆಸರೆ, ಎತ್ತ ಕೂತರೂ ಕುಸ್ತಿ ಕಾಣುವಂತೆ 1912ರಲ್ಲಿ ಸಿದ್ಧವಾದ ಖಾಸಬಾಗ್ ಮೈದಾನ. 1952ರಲ್ಲಿ ಹೆಲ್ಸಿಂಕಿಯಿಂದ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದ ಖಾಶಾಬಾ ಜಾಧವ್ ಕೂಡ ಕೊಲ್ಹಾಪುರದಲ್ಲಿ ಪಳಗಿದವರೇ. ಆ ಊರಿನ ಅಲೆ ಇಲ್ಲಿಯವರೆಗೂ ಬಂದು ಬಡಿಯುತ್ತದೆ. ಬೀದರ್ ಸೀಮೆಯ ಜಾತ್ರೆಗಳಲ್ಲಿ ತೇರಿನ ಮಾರನೇ ದಿನ ಹಲಗಿ ಬಾರಿಸಿತೆಂದರೆ ಕುಸ್ತಿ ಶುರು. ಮೊದಲಿಗೆ ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿ. ಗೆದ್ದವನಿಗೆ ಒಂದು ಕಾಯಿ. ಹೊತ್ತು ಇಳಿಯುತ್ತಾ ಬಂದಂತೆ ಜೋಡಿಗಳ ತೂಕವೂ ಏರುತ್ತದೆ, ಇನಾಮೂ ಏರುತ್ತದೆ. ಕೊನೆಗೆ ಬೆಳ್ಳಿ ಕಡಗ.

ಬಸವಕಲ್ಯಾಣದಲ್ಲಿ ಇಳಿದವರು ಶರಣರನ್ನು ನೆನೆಯುತ್ತಾರೆ, ನೆನೆಯಬೇಕಾದದ್ದೇ. ಆದರೆ ಶರಣರಿಗೆ ಕೊಂಚ ಮೊದಲು ಇದೇ ಕಲ್ಯಾಣದಲ್ಲಿ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಕೂತು, ಸಂಸ್ಕೃತದಲ್ಲಿ ಮಾನಸೋಲ್ಲಾಸ ಎಂಬ ಗ್ರಂಥ ಬರೆಸಿದ. ಸುಮಾರು 1130ರ ಹೊತ್ತಿಗೆ. ಅಡುಗೆ, ಆನೆ, ಸಂಗೀತ, ರತ್ನ, ಎಲ್ಲದರ ಜತೆ ಅದರಲ್ಲಿ ಕುಸ್ತಿಗೂ ಒಂದು ಭಾಗ ಇದೆ. ವಯಸ್ಸು, ಮೈಕಟ್ಟು, ಬಲ ನೋಡಿ ಮಲ್ಲರನ್ನು ದರ್ಜೆ ಮಾಡುವುದು ಹೇಗೆ ಅನ್ನುವುದಿದೆ; ಎಲ್ಲರಿಗಿಂತ ಮೇಲಿನವನು ಜ್ಯೇಷ್ಠಿಕ. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಒದಗಿಸುವುದು ಅರಸನ ಹೊಣೆ. ಮರಳಿನ ಚೀಲ ಎತ್ತುವುದು, ಈಜುವುದು, ನಡೆಯುವುದು, ಕಂಬ ಹತ್ತಿ ಕಸರತ್ತು ಮಾಡುವುದು, ಇವು ಅವರ ಸಾಧನೆ. ಮಲ್ಲಕಂಬದ ಇತಿಹಾಸ ಹೇಳುವವರು ಇವತ್ತಿಗೂ ಮೊದಲು ತೆಗೆಯುವ ಹೆಸರು ಈ ಗ್ರಂಥದ್ದೇ.

ಇನ್ನೂ ಸೋಜಿಗದ ಸಂಗತಿ ಬೇರೆಯದು. ಕುದುರೆಯ ಮೇಲೆ ಕೂತು, ಕೋಲಿನಿಂದ ಚೆಂಡು ಹೊಡೆದು, ತೋರಣದ ಒಳಗೆ ದಾಟಿಸುವ ಆಟವನ್ನೂ ಸೋಮೇಶ್ವರ ವಿವರಿಸುತ್ತಾನೆ. ಈಗಿನವರು ಪೋಲೊ ಅನ್ನುವುದಕ್ಕೆ ತೀರ ಹತ್ತಿರದ್ದು. ಕೋಟೆಯ ಬುಡದಲ್ಲಿ ನಿಂತು ಯೋಚಿಸಿದೆ: ಸುಮಾರು ಒಂಬೈನೂರು ವರ್ಷದ ಹಿಂದೆ ಈ ಊರಿನ ಬಯಲಲ್ಲಿ ಕುದುರೆಗಳು ಚೆಂಡಿನ ಹಿಂದೆ ಓಡಿರಬೇಕು. ಇವತ್ತು ಪೋಲೊ ನೋಡಬೇಕೆಂದರೆ ಜೈಪುರಕ್ಕೋ ಮಣಿಪುರಕ್ಕೋ ಹೋಗಬೇಕು. ಮಲ್ಲಕಂಬ ನೋಡಬೇಕೆಂದರೆ ಮಹಾರಾಷ್ಟ್ರಕ್ಕೆ, ಮಧ್ಯಪ್ರದೇಶದ ಉಜ್ಜಯಿನಿಗೆ; ನಮ್ಮಲ್ಲೇ ಅಂದರೆ ಬಾಗಲಕೋಟೆ ಬಳಿಯ ತುಳಸಿಗೇರಿಗೆ. ಆಟವನ್ನು ಬರೆದಿಟ್ಟ ಊರಿನಲ್ಲಿ ಆಟ ಉಳಿಯಲಿಲ್ಲ.

ಹುಮನಾಬಾದಿಗೆ ಬರುವ ಹೊತ್ತಿಗೆ ಮಧ್ಯಾಹ್ನ. ಜನವರಿಯಲ್ಲಿ ವೀರಭದ್ರೇಶ್ವರನ ಜಾತ್ರೆಗೆ ಕಿಕ್ಕಿರಿಯುವ ಊರು ಆ ಹೊತ್ತಿನಲ್ಲಿ ಅರೆನಿದ್ದೆಯಲ್ಲಿತ್ತು. ಗೆಳೆಯನ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬ್ಯಾಳಿ. ಅವನ ಅಣ್ಣನ ಮಗ ಅಮೆರಿಕದ ಮಿನ್ನೆಸೋಟಾದಲ್ಲಿ ಓದುತ್ತಾನೆ, ಫೋನಿನಲ್ಲಿ ಕಾಲೇಜು ಬೇಸ್‌ಬಾಲಿನ ಮಾತೇ ಹೆಚ್ಚಂತೆ. "ಕಾಕಾ, ಇಲ್ಲಿ ಫೆಬ್ರುವರಿದಾಗ ಮೈದಾನ ಬರಫಿನ ಕೆಳಗ ಇರ್ತದ. ಸೀಜನ್ ಮಾತ್ರ ಶುರು ಆಗ್ತದ. ನಮ್ಮ ಕಾಲೇಜಿನವರು ದಕ್ಷಿಣಕ್ಕ ಹೋಗಿ ಪರರ ಮೈದಾನದಾಗ ಆಡಿ ಸೋತು ಬರ್ತಾರ" ಎಂದು ಗೋಳು. ಗೆಳೆಯನಿಗೆ ಇದೊಂದು ತಮಾಷೆ. ನನಗೆ ಮಾತ್ರ ಊಟದ ಮೇಲೂ ಅದೇ ಗುಂಗು.

ಆ ಹುಡುಗ ಹೇಳಿದ್ದು ನಿಜ. ಅಲ್ಲಿ ಕಾಲೇಜು ಬೇಸ್‌ಬಾಲ್ ಅಂದರೆ ದಕ್ಷಿಣ, ಇಲ್ಲವೇ ಕ್ಯಾಲಿಫೋರ್ನಿಯಾ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಳಿ 12 ರಾಷ್ಟ್ರೀಯ ಪ್ರಶಸ್ತಿಗಳಿವೆ, ಲೂಯಿಸಿಯಾನಾ ಸ್ಟೇಟ್ 2025ರಲ್ಲಿ ಎಂಟನೆಯದನ್ನು ಗೆದ್ದಿತು. ಬಿಸಿಲಿರುವ ಕಡೆ ಹುಡುಗರು ವರ್ಷವಿಡೀ ಚೆಂಡು ಹಿಡಿಯುತ್ತಾರೆ, ಹಿಮವಿರುವ ಕಡೆ ಚಾವಣಿಯ ಕೆಳಗೆ ಅಭ್ಯಾಸ. ಇಷ್ಟಕ್ಕೇ ಮುಗಿಯಿತೆಂದರೆ ಕಥೆ ಸಪ್ಪೆ. 1953ರಿಂದ 1966ರ ನಡುವೆ ಅದೇ ಹಿಮದ ಸೀಮೆಯ ಮಿಷಿಗನ್ ಎರಡು ಸಲ, ಮಿನ್ನೆಸೋಟಾ ಮೂರು ಸಲ, ಒಹಾಯೊ ಸ್ಟೇಟ್ ಒಂದು ಸಲ ಪ್ರಶಸ್ತಿ ಎತ್ತಿದ್ದವು. ಹಿಮ ಆಗಲೂ ಬೀಳುತ್ತಿತ್ತು! 1966ರ ನಂತರ ಆ ಹಿಮದ ಸೀಮೆಗೆ ಕಪ್ ಮರಳಿಲ್ಲ. 2019ರಲ್ಲಿ ಮಿಷಿಗನ್ ಫೈನಲ್‌ವರೆಗೆ ಹೋಗಿ ಸೋತಿತು. ನಡುವೆ ದಕ್ಷಿಣದ ಕಾಲೇಜುಗಳು ದೊಡ್ಡ ಕ್ರೀಡಾಂಗಣ ಕಟ್ಟಿದವು, ತರಬೇತುದಾರರಿಗೆ ಕೈತುಂಬ ಸಂಬಳ ಕೊಟ್ಟವು, ಊರ ಜನ ಟಿಕೆಟ್ ಕೊಂಡು ಬಂದು ಕೂತರು. ಇನ್ನು ಮಳೆಗೆ ಹೆಸರಾದ ಓರೆಗನ್ ರಾಜ್ಯದ್ದೊಂದು ತಂಡ, ಓರೆಗನ್ ಸ್ಟೇಟ್, ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿ 2006, 2007, 2018ರಲ್ಲಿ ಗೆದ್ದಿದೆ. ಫೈನಲ್ ನಡೆಯುವುದು 1950ರಿಂದಲೂ ನೆಬ್ರಾಸ್ಕ ರಾಜ್ಯದ ಒಮಾಹಾ ಊರಿನಲ್ಲಿ. ಊರಿಗೆ ಊರೇ ಜೂನ್ ತಿಂಗಳಲ್ಲಿ ಅದಕ್ಕಾಗಿ ಕಾಯುತ್ತದೆ. ಆದರೆ ನೆಬ್ರಾಸ್ಕದ ಯಾವ ಕಾಲೇಜೂ ಈವರೆಗೆ ಆ ಕಪ್ ಗೆದ್ದಿಲ್ಲ. ಕಲ್ಯಾಣದ ಮಲ್ಲಕಂಬ ನೆನಪಾಯಿತು.

ಹುಮನಾಬಾದ್ ಬಿಟ್ಟ ಬಸ್ಸು ಕೆಂಪು ನೆಲದ ಮೇಲೆ ಓಡತೊಡಗಿತು. ಬೀದರಿನ ಈ ಎತ್ತರದ ನೆಲ ಜಂಬಿಟ್ಟಿಗೆಯದು, ಮಣ್ಣಿಗೆ ಇಟ್ಟಿಗೆ ಪುಡಿಯ ಬಣ್ಣ. ಭಾಲ್ಕಿ, ಔರಾದ್ ಕಡೆ ಹೊರಳಿದರೆ ಕಪ್ಪು ಎರೆ. ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಸೇರಿಸಿ ಅಖಾಡಕ್ಕೆ ಹದ ಮಾಡುವುದು ಕೆಂಪು ಮಣ್ಣನ್ನೇ. ಎರೆ ಮಳೆಗಾಲದಲ್ಲಿ ಕಾಲಿಗೆ ಮೆತ್ತುತ್ತದೆ, ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಹಾಗಾದರೆ ಆಟದ ನಕಾಶೆ ಮಣ್ಣಿನ ನಕಾಶೆಯೇ ಅಂತ ಒಂದು ಗಳಿಗೆ ಖುಷಿಯಾಯಿತು. ಆ ಖುಷಿ ನಿಲ್ಲಲಿಲ್ಲ. ಎರೆಸೀಮೆಯಲ್ಲೂ ಕುಸ್ತಿ ಇದೆ. ಕೆಂಪು ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ತಂದು ಸುರಿಯುತ್ತಾರೆ, ಅಷ್ಟೆ.

ಕೊಡಗಿನ ಹಾಕಿ ನೋಡಿ. ವರ್ಷದ ಅರ್ಧ ಮಳೆಯಲ್ಲಿ ನೆನೆಯುವ ಗುಡ್ಡದ ನಾಡಿಗೆ ಚಪ್ಪಟೆ ಮೈದಾನದ ಆಟ ಒಗ್ಗಿದ್ದು ಹೇಗೆ? ಸೇನೆ ಸೇರಿದವರು ಕೋಲು ಹಿಡಿದು ಬಂದರು ಅನ್ನುತ್ತಾರೆ. ಅದನ್ನು ಮನೆಮನೆಯ ಹಬ್ಬ ಮಾಡಿದ್ದು 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೌಟುಂಬಿಕ ಹಾಕಿ. ಆ ವರ್ಷ 60 ಕುಟುಂಬಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ 360. ಅತ್ತೆ, ಸೊಸೆ, ಮೊಮ್ಮಗ ಒಂದೇ ಜೆರ್ಸಿಯಲ್ಲಿ ಇಳಿಯುವ ಆಟ ಲೋಕದಲ್ಲಿ ಬೇರೆಲ್ಲಿದೆ? ಅದೇ ರೀತಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನಲ್ಲಿ ಹೆಣ್ಣುಮಕ್ಕಳು ಖೋಖೋ ಆಡುತ್ತಾರೆ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತದ ತಂಡದಲ್ಲಿ ಆ ಊರಿನ ಚೈತ್ರಾ ಇದ್ದರು.

ಎದುರು ದಿಕ್ಕಿನ ಉದಾಹರಣೆಯೂ ನಮ್ಮಲ್ಲೇ ಇದೆ, ಮತ್ತು ಅದು ಹೊಟ್ಟೆ ಉರಿಸುವಂಥದು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಉತ್ತರ ಕನ್ನಡದ ಕಾಡಿನ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತರಬೇತಿ ಕೊಟ್ಟಿತು. ಕಮಲಾ ಸಿದ್ದಿ, ಫಿಲಿಪ್ ಆಂಟನಿ ಸಿದ್ದಿ ಮುಂತಾದವರು ದೇಶದ ಮಟ್ಟದಲ್ಲಿ ಹೆಸರು ಮಾಡಿದರು. ಆಫ್ರಿಕಾದ ರಕ್ತ, ಓಡದೆ ಇರುತ್ತಾರೆಯೇ ಅಂತ ಪತ್ರಿಕೆಗಳು ಬರೆದವು. ತೊಂಬತ್ತರ ದಶಕದ ಆರಂಭದಲ್ಲಿ ಯೋಜನೆ ನಿಂತಿತು, ಪದಕಗಳೂ ನಿಂತವು. ರಕ್ತ ಅದೇ ಇತ್ತಲ್ಲ?

ಮೂಡುಬಿದಿರೆಯದು ಇನ್ನೊಂದು ಬಗೆ. ಕರಾವಳಿಯ ಸೆಕೆಯಲ್ಲಿ, ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ಪಡೆದು ಊಟ, ವಸತಿ, ಓದು ಉಚಿತವಾಗಿ ಕೊಟ್ಟದ್ದರಿಂದ ಮಂಗಳೂರು ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ದೇಶಕ್ಕೇ ಮುಂದಾಯಿತು. 2020ರ ಜನವರಿಯಲ್ಲಿ ಮೂಡುಬಿದಿರೆಯಲ್ಲೇ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದ ಸಮಗ್ರ ಪ್ರಶಸ್ತಿಯೂ ಅದಕ್ಕೇ ಹೋಯಿತು. ಆ ಜೆರ್ಸಿ ತೊಟ್ಟು ಓಡುವವರಲ್ಲಿ ಉತ್ತರ ಕರ್ನಾಟಕದ, ಹೊರರಾಜ್ಯಗಳ ಮಕ್ಕಳು ಬೇಕಾದಷ್ಟು. ಬಲ ಒಂದು ಊರಿನದು, ಹೆಸರು ಇನ್ನೊಂದು ಊರಿನದು. ಮೂಡುಬಿದಿರೆಯನ್ನು ದೂರಲಾರೆ, ಅನ್ನ ಹಾಕಿದವರಿಗೆ ಹೆಸರು ಸಲ್ಲಬೇಕು. ಆದರೂ ಬಿಸಿಲನಾಡಿನವನಿಗೆ ಸಣ್ಣಗೆ ಚುರುಕೆನ್ನುತ್ತದೆ.

ಮನ್ನಾಏಖೇಳ್ಳಿಯಲ್ಲಿ ಇಳಿದಾಗ ಸಂಜೆ ನಾಲ್ಕಾಗಿತ್ತು. ಹೆದ್ದಾರಿ, ಬೀದರಿಗೆ ಹೊರಳುವ ರೋಡು, ಮಿರ್ಚಿ ಭಜಿಯ ಬಂಡಿಗಳು, ಮೂರು ರಾಜ್ಯದ ನಂಬರಿನ ಲಾರಿಗಳು. ಚಹಾದಂಗಡಿಯಲ್ಲಿ ಕನ್ನಡದಲ್ಲಿ ಕೇಳಿದೆ, ದಖ್ಖನಿ ಉರ್ದುವಿನಲ್ಲಿ ಉತ್ತರ ಬಂತು, ಪಕ್ಕದವನು ತೆಲುಗಿನಲ್ಲಿ ಚಿಲ್ಲರೆ ಎಣಿಸಿದ. ಪೂರ್ವಕ್ಕೆ ನೋಡಿದರೆ ಜಹೀರಾಬಾದ್, ಅದರಾಚೆ ಹೈದರಾಬಾದ್. ಆ ದಿಕ್ಕಿನಿಂದ ಒಂದು ಕಾಲದಲ್ಲಿ ಬಂದಿರಬಹುದಾದ ಆಟ ಫುಟ್‌ಬಾಲ್. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸಾಲಾಗಿ ಐದು ಸಲ ರೋವರ್ಸ್ ಕಪ್ ಗೆದ್ದಿತ್ತು. ಅದರ ಗುರು ಸೈಯದ್ ಅಬ್ದುಲ್ ರಹೀಮ್, ಮೂಲತಃ ಶಾಲೆಯ ಮಾಸ್ತರರು. 2024ರ ಮೈದಾನ್ ಸಿನಿಮಾ ನೋಡಿದವರಿಗೆ ಗೊತ್ತಿರುತ್ತದೆ. ಅವರು ಪಳಗಿಸಿದ ಭಾರತ ತಂಡ 1956ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು. ಅದಕ್ಕೆ ಬರೀ ಒಂದು ತಿಂಗಳ ಹಿಂದೆ, ನವೆಂಬರ್ 1ಕ್ಕೆ, ಹೈದರಾಬಾದ್ ರಾಜ್ಯ ಒಡೆದು ಬೀದರ್ ಮೈಸೂರಿನ ಪಾಲಿಗೆ ಬಂದಿತ್ತು. ಫುಟ್‌ಬಾಲಿಗೆ ಹೆಸರಾದ ಊರು ಹೀಗೆ ಬೀದರಿನವರಿಗೆ ರಾತ್ರೋರಾತ್ರಿ ಪರರಾಜ್ಯವಾಯಿತು. 1963ರಲ್ಲಿ ರಹೀಮ್ ತೀರಿಕೊಂಡರು. ಹೈದರಾಬಾದಿನ ಫುಟ್‌ಬಾಲ್ ಕೂಡ ನಿಧಾನಕ್ಕೆ ಸೊರಗಿತು. ಆ ಊರಿನ ಹವೆಯೇನೂ ಬದಲಾಗಿರಲಿಲ್ಲ.

ಊರ ಹೊರಗಿನ ಬಯಲಲ್ಲಿ ಸುಣ್ಣದ ಗೆರೆ ಎಳೆದ ಕಬಡ್ಡಿ ಅಂಕಣ, ಅದರ ಒಂದು ಮೂಲೆಯನ್ನು ತುಳಿದುಕೊಂಡೇ ಕ್ರಿಕೆಟ್ ಪಿಚ್. ಎರಡೂ ಆಟ ಒಟ್ಟಿಗೆ ನಡೆದಿದ್ದವು, ಜಗಳವಿಲ್ಲದೆ. ಬೌಂಡರಿಗೆ ಹೋಗುವ ಚೆಂಡಿಗೆ ದಾಳಿಗಾರ ಉಸಿರು ಬಿಡದೆಯೇ ದಾರಿ ಬಿಡುತ್ತಿದ್ದ. ಹತ್ತಿರದ ಕಾಲೇಜಿನ ಪಿ.ಟಿ. ಮಾಸ್ತರರು ಸೀಟಿ ಹಿಡಿದು ನಿಂತಿದ್ದರು. ಮಾತಿಗೆಳೆದೆ.

"ಮೊದಲ ಎಲ್ಲಾ ಸೆಲೆಕ್ಷನ್ ಕಲಬುರಗಿದಾಗೇ ಇರ್ತಿತ್ರಿ ಸರ್" ಅಂದರು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಆದಂದಿನಿಂದ ಬೀದರ್, ರಾಯಚೂರು, ಬಳ್ಳಾರಿ ಕಡೆಯ ಕಾಲೇಜುಗಳ ಹುಡುಗರೆಲ್ಲ ಒಂದೇ ತಂಡದ ಜಾಗಕ್ಕೆ ಪೈಪೋಟಿ ಮಾಡಬೇಕಿತ್ತು. ಬಳ್ಳಾರಿ, ರಾಯಚೂರು ಒಂದೊಂದಾಗಿ ಬೇರೆಯಾದವು. 2023ರಲ್ಲಿ ಬೀದರಿಗೂ ತನ್ನದೇ ವಿಶ್ವವಿದ್ಯಾಲಯ ಬಂತು. "ಈಗ ನಮ್ದೇ ಟೀಮ್ ಆಗ್ಯಾದ್ರಿ. ಕಬಡ್ಡಿಗಿ ಹನ್ನೆರಡು, ಖೋಖೋಕ್ಕ ಹದಿನೈದು ಹುಡುಗರು ನಮ್ಮ ಜಿಲ್ಲಾದವ್ರೇ ಹೋಗ್ತಾರ. ಮೊದಲ ಒಬ್ರೋ ಇಬ್ರೋ ಸಿಕ್ಕರ ಪೇಡೆ ಹಂಚತಿದ್ವಿ."

ಅಂತರ ವಿಶ್ವವಿದ್ಯಾಲಯ ಕ್ರೀಡೆಗಳ ಪಟ್ಟಿಯಲ್ಲಿ ಬೇಸ್‌ಬಾಲೂ ಇದೆಯಲ್ಲ, ಅದಕ್ಕೂ ತಂಡ ಕಳಿಸುತ್ತೀರೋ ಅಂತ ಕೇಳಿಯೇಬಿಟ್ಟೆ. ಅವರು ನಕ್ಕರು. ಬಯಲಿನ ಅಂಚಿನಲ್ಲಿ ನಿಂತು ಕಲ್ಲು ತೂರಿ ಹುಣಸೆಕಾಯಿ ಕೆಡವುತ್ತಿದ್ದ ಒಬ್ಬ ತೆಳ್ಳನೆಯ ಹುಡುಗನ ಕಡೆ ಸೀಟಿಯಿಂದಲೇ ಬೊಟ್ಟು ಮಾಡಿದರು.

"ಒಗೀಲಿಕ್ಕಿ ಅಂವ ಇದ್ದಾನ್ರಿ. ಆ ಕೈಚೀಲ, ಆ ದುಂಡನೆ ಬ್ಯಾಟು ಯಾರರೆ ಕೊಡಸ್ರಿ. ಮುಂದಿಂದು ನಾ ನೋಡ್ಕೋತೀನಿ."

ಅಷ್ಟು ಹೇಳಿ, ಗೆರೆ ದಾಟಿ ಹಿಡಿದಿದ್ದನ್ನು ಔಟು ಅಂತ ವಾದಿಸುತ್ತಿದ್ದ ಇಬ್ಬರ ನಡುವೆ ಸೀಟಿ ಊದಿಕೊಂಡು ನುಗ್ಗಿದರು.