ಬೋಲ್ಟಿನ ರಂಧ್ರ ಮತ್ತು ಶ್ರಾವಕನ ವ್ರತ

ಅಹಿಂಸೆಯ ಮಾತು ಬಂದಾಗ ಶ್ರಾವಕರ ಗಮನ ಸಹಜವಾಗಿ ಅಡಿಗೆಮನೆಯ ಕಡೆಗೆ ಹರಿಯುತ್ತದೆ. ನೀರನ್ನು ಸೋಸಿ ಕುಡಿಯುವುದು, ಕಂದಮೂಲಗಳನ್ನು ತ್ಯಜಿಸುವುದು, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದು ಇವೆಲ್ಲ ತಲೆಮಾರುಗಳಿಂದ ಬಂದ ಶಿಸ್ತು. ಆದರೆ ದಿನದ ಬಹುಭಾಗವನ್ನು ಕಳೆಯುವ ಅಂಗಡಿ, ಕಚೇರಿ, ಕಾರ್ಯಾಗಾರಗಳಲ್ಲಿ ವ್ರತವು ಯಾವ ರೂಪದಲ್ಲಿ ಎದುರಾಗುತ್ತದೆ ಎಂಬ ವಿಚಾರ ಅಷ್ಟಾಗಿ ನಡೆಯುವುದಿಲ್ಲ. ಮೈಸೂರಿನ ಒಬ್ಬ ಮೋಟಾರ್ ಸೈಕಲ್ ಮೆಕ್ಯಾನಿಕ್‌ಗೆ ಅದು ಆರು ಮಿಲಿಮೀಟರಿನ ಒಂದು ಬೋಲ್ಟಿನ ರಂಧ್ರದ ರೂಪದಲ್ಲಿ ಎದುರಾಯಿತು.

ಅವರು ಅರವತ್ತು ದಾಟಿದವರು. ಅಣುವ್ರತಗಳನ್ನು ಸ್ವೀಕರಿಸಿ ಬಹಳ ವರ್ಷಗಳಾಗಿವೆ. ಹಳೆಯ ಜಾವಾ, ಯೆಜ್ಡಿ ಗಾಡಿಗಳ ಎಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಅವರ ಕೈ ಪಳಗಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಈ ಗಾಡಿಗಳ ತಯಾರಿಕೆಯನ್ನು ಆರಂಭಿಸಿ 1996ರಲ್ಲಿ ಮುಚ್ಚಿತು. ಕಾರ್ಖಾನೆ ಮುಚ್ಚಿದರೂ ಗಾಡಿಗಳು ಉಳಿದವು. ತಂದೆ ಓಡಿಸಿದ ಗಾಡಿಯನ್ನು ಮಗ ಓಡಿಸುವ ಮನೆಗಳು ಆ ಊರಿನಲ್ಲಿ ಇಂದಿಗೂ ಇವೆ.

ಅಂಥ ಒಂದು ಗಾಡಿಯನ್ನು ಶಾಲಾ ಶಿಕ್ಷಕರೊಬ್ಬರು ತಂದು ಒಪ್ಪಿಸಿದ್ದರು. ಅವರು ಹುಣಸೂರು ರಸ್ತೆಯಲ್ಲಿ ದಿನವೂ ಓಡಾಡುವವರು. ಎಂಜಿನ್ನನ್ನು ಪೂರ್ತಿ ಬಿಚ್ಚಿ, ಬೇರಿಂಗುಗಳನ್ನು ಬದಲಿಸಿ, ಕ್ರ್ಯಾಂಕ್ ಕೇಸಿನ ಎರಡು ಹೋಳುಗಳ ಅಂಚಿಗೆ ಸೀಲಂಟ್ ಹಚ್ಚಿ ಮತ್ತೆ ಕೂಡಿಸುವ ಹಂತಕ್ಕೆ ಬಂದಾಗ ಸಂಜೆಯಾಗಿತ್ತು. ಗಾಡಿಯನ್ನು ಮರುದಿನ ಬೆಳಿಗ್ಗೆ ಕೊಡುವುದಾಗಿ ಮಾತಾಗಿತ್ತು. ಸೂರ್ಯಾಸ್ತಕ್ಕೆ ಇನ್ನು ಸ್ವಲ್ಪವೇ ಹೊತ್ತು. ಹೊತ್ತು ಮುಳುಗುವ ಮೊದಲು ಮನೆ ಸೇರಿ ಊಟ ಮಾಡಬೇಕು. ಅದಕ್ಕೆ ಮೊದಲು ಈ ಬೋಲ್ಟುಗಳನ್ನು ಬಿಗಿದು ಮುಗಿಸಿಬಿಡಬೇಕು ಎಂಬ ಅವಸರ ಅವರ ಕೈಗೆ ಬಂದಿತು.

ಅಲ್ಯೂಮಿನಿಯಂ ಮೃದುವಾದ ಲೋಹ, ಬೋಲ್ಟು ಉಕ್ಕಿನದು. ಮಿತಿಮೀರಿ ಬಿಗಿದಾಗ ಸೋಲುವುದು ಅಲ್ಯೂಮಿನಿಯಂ. ಬಿಗಿಯುತ್ತಾ ಹೋದಂತೆ ಕೈಗೆ ತಾಗುವ ಪ್ರತಿರೋಧ ಏರಬೇಕು. ಆ ಸಂಜೆ ಅದು ಏರಿ, ಇದ್ದಕ್ಕಿದ್ದಂತೆ ಹಗುರವಾಯಿತು. ಬೋಲ್ಟು ಬೆಣ್ಣೆಯಲ್ಲಿ ತಿರುಗುವಂತೆ ತಿರುಗಿತು. ಹೊರತೆಗೆದು ನೋಡಿದರೆ ಅದರ ಸುತ್ತ ಸುರುಳಿಯಾಗಿ ಅಂಟಿಕೊಂಡಿದ್ದುದು ರಂಧ್ರದೊಳಗಿನ ಥ್ರೆಡ್.

ಪಕ್ಕದಲ್ಲಿದ್ದ ಕೆಲಸ ಕಲಿಯುವ ಹುಡುಗ ಮೆಲ್ಲಗೆ ಹೇಳಿದ: "ಅಣ್ಣಾ, ಸ್ವಲ್ಪ ಅಂಟು ಹಾಕಿ ಕೂರಿಸಿಬಿಡೋಣ. ಹೊರಗಿಂದ ಯಾರಿಗೆ ಕಾಣುತ್ತೆ?"

ಹುಡುಗ ಹೇಳಿದ್ದು ನಿಜವೇ ಆಗಿತ್ತು. ಅಂಟಿನ ಮೇಲೆ ಕುಳಿತ ಬೋಲ್ಟಿನ ತಲೆಗೂ ಸರಿಯಾಗಿ ಕುಳಿತ ಬೋಲ್ಟಿನ ತಲೆಗೂ ನೋಡುವವನ ಕಣ್ಣಿಗೆ ಭೇದವಿಲ್ಲ. ಅದು ಕೆಲವು ತಿಂಗಳು ನಿಲ್ಲಲೂಬಹುದಿತ್ತು. ಆದರೆ ಆ ಬೋಲ್ಟು ಇದ್ದುದು ಕ್ರ್ಯಾಂಕ್ ಕೋಣೆಗೆ ತೀರ ಹತ್ತಿರದಲ್ಲಿ. ಈ ಬಗೆಯ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಮೊದಲು ಆ ಕೋಣೆಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಪಿಸ್ಟನ್ನಿಗೆ ಬೇಕಾದ ಎಣ್ಣೆಯೂ ಅದರೊಡನೆಯೇ ಬರುತ್ತದೆ. ಹೋಳುಗಳ ಬಿಗಿ ಸಡಿಲಿದರೆ ಹೊರಗಾಳಿ ಒಳನುಗ್ಗುತ್ತದೆ. ಮಿಶ್ರಣ ತೆಳುವಾಗಿ, ಶಾಖ ಏರಿ, ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಳ್ಳಬಹುದು. ಆಗ ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ಒಮ್ಮೆಗೇ ಕಟ್ಟಿಕೊಳ್ಳುತ್ತದೆ. ಲಾರಿ, ಬಸ್ಸುಗಳ ನಡುವೆ ಹೋಗುವ ಸವಾರನಿಗೆ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಮಾದದಿಂದ ಪ್ರಾಣಕ್ಕೆ ಆಗುವ ಹಾನಿಯೇ ಹಿಂಸೆ ಎಂಬುದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ನಿರೂಪಣೆ. ಕೊಲ್ಲುವ ಇಚ್ಛೆ ಇರಲಿಲ್ಲವೆಂಬುದು ಅಜಾಗರೂಕನನ್ನು ಪಾರುಮಾಡುವುದಿಲ್ಲ. ಅದೇ ಗ್ರಂಥದ ಏಳನೆಯ ಅಧ್ಯಾಯ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಪ್ರತಿರೂಪಕ ವ್ಯವಹಾರವನ್ನೂ ಸೇರಿಸುತ್ತದೆ. ಅಸಲಿನ ಹೆಸರಿನಲ್ಲಿ ನಕಲಿಯನ್ನು ಕೊಡುವುದು ಅದರ ಅರ್ಥ. ತುಪ್ಪಕ್ಕೆ ಕೊಬ್ಬು ಬೆರೆಸುವವನಿಗೆ ಅನ್ವಯಿಸುವ ಮಾತು, ಬಿಗಿಯದ ಬೋಲ್ಟನ್ನು ಬಿಗಿದದ್ದೆಂದು ಒಪ್ಪಿಸುವವನಿಗೆ ಅನ್ವಯಿಸದೆ ಹೋದೀತೆ?

ಅವರು ಹುಡುಗನಿಗೆ ಉತ್ತರ ಕೊಡಲಿಲ್ಲ. ಕೂಡಿಸಿದ್ದ ಹೋಳುಗಳನ್ನು ಮತ್ತೆ ಬೇರ್ಪಡಿಸಿದರು. ಹೊತ್ತು ಮುಳುಗಿತು; ಆ ರಾತ್ರಿ ಅವರು ಊಟ ಮಾಡಲಿಲ್ಲ. ತನ್ನ ಅವಸರಕ್ಕೆ ಕಾರಣ ಹೊಟ್ಟೆಬಾಕತನವಲ್ಲ, ವ್ರತಪಾಲನೆಯೇ ಎಂಬ ಸಮಾಧಾನ ಮನಸ್ಸಿನಲ್ಲಿ ಮೂಡಿತಾದರೂ ಅದು ಬಹಳ ಹೊತ್ತು ನಿಲ್ಲಲಿಲ್ಲ. ಕೆಲಸವನ್ನು ಅಲ್ಲಿಗೇ ಬಿಟ್ಟು ಊಟಕ್ಕೆ ಏಳಬಹುದಿತ್ತು. ವ್ರತವೂ ಉಳಿಯಬೇಕು, ಕೊಟ್ಟ ಮಾತೂ ಉಳಿಯಬೇಕು, ಶ್ರಮ ಮಾತ್ರ ಕಡಿಮೆಯಾಗಬೇಕು ಎಂಬ ಆಸೆಯೇ ಕೈಯನ್ನು ತಪ್ಪಿಸಿತ್ತು.

ಕೆಟ್ಟ ರಂಧ್ರವನ್ನು ತುಂಬಿಸಿ ಸರಿಪಡಿಸಲಾಗದು. ಮೊದಲು ಅದನ್ನು ಇನ್ನಷ್ಟು ದೊಡ್ಡದು ಮಾಡಬೇಕು. ಮರುದಿನ ಬೇರಿಂಗುಗಳಿಗೆ ಬಟ್ಟೆ ಮುಚ್ಚಿ, ಹೋಳನ್ನು ಅಲುಗದಂತೆ ಕಟ್ಟಿ, ಆಳ ಮೀರದಂತೆ ಡ್ರಿಲ್ಲಿಗೆ ಗುರುತಿನ ಪಟ್ಟಿ ಸುತ್ತಿ, ನೆಟ್ಟಗೆ ಕೊರೆದು ಹರಿದ ಥ್ರೆಡ್ಡನ್ನೆಲ್ಲ ತೆಗೆದರು. ಸೀಮೆಎಣ್ಣೆ ಹನಿಸುತ್ತಾ ದೊಡ್ಡ ಟ್ಯಾಪನ್ನು ಸ್ವಲ್ಪ ಮುಂದಕ್ಕೆ, ಸ್ವಲ್ಪ ಹಿಂದಕ್ಕೆ ತಿರುಗಿಸಿ ಹೊಸ ಥ್ರೆಡ್ ಕೊರೆದರು. ಚೂರುಗಳನ್ನು ತೊಳೆದು, ಗಾಳಿ ಹಾಯಿಸಿ, ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿಯನ್ನು, ಅಂದರೆ ಕಸುಬಿನವರು ಹೆಲಿಕಾಯಿಲ್ ಎನ್ನುವುದನ್ನು, ಮೇಲ್ಮೈಗಿಂತ ತುಸು ಕೆಳಗೆ ನಿಲ್ಲುವಂತೆ ಕೂರಿಸಿದರು. ಅದರ ತುದಿಯ ಸಣ್ಣ ಕೊಂಡಿಯನ್ನು ಮುರಿದು ಹೊರಕ್ಕೆ ತೆಗೆದರು. ಆ ಚೂರು ಒಳಗೆ ಉಳಿದರೆ ಹೊಸ ಬೇರಿಂಗೇ ಹಾಳು. ಈಗ ಮೊದಲಿನ ಅಳತೆಯ ಬೋಲ್ಟೇ ಅಲ್ಲಿ ಗಟ್ಟಿಯಾಗಿ ಕುಳಿತಿತು. ಹೀಗೆ ಕೂರಿಸಿದ ಉಕ್ಕಿನ ಥ್ರೆಡ್ ಬರಿಯ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಹೆಚ್ಚು ಬಾಳುತ್ತದೆ.

ಆದರೆ ನಿಜವಾದ ಪರೀಕ್ಷೆ ಉಳಿದಿತ್ತು. ಬೆಳಿಗ್ಗೆ ಗಾಡಿಗೆಂದು ಬಂದು ಬರಿಗೈಯಲ್ಲಿ ಹಿಂದಿರುಗಿದ್ದ ಶಿಕ್ಷಕರು ಸಂಜೆ ಮತ್ತೆ ಬಂದು ತಡವೇಕೆಂದು ಕೇಳಿದರು. "ಹಳೆಯ ಎಂಜಿನ್, ಥ್ರೆಡ್ ಸವೆದಿತ್ತು" ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದರಲ್ಲಿ ಸತ್ಯದ ಅಂಶವೂ ಇತ್ತು. ಹಲವು ಬಾರಿ ಬಿಚ್ಚಿ ಕಟ್ಟಿದ ರಂಧ್ರ ಮೊದಲೇ ದುರ್ಬಲವಾಗಿದ್ದಿರಬೇಕು. ಆದರೂ ಅವರು ಹೇಳಿದ್ದು ಹೀಗೆ: "ಮೇಷ್ಟ್ರೇ, ಅವಸರದಲ್ಲಿ ನಾನೇ ಹೆಚ್ಚು ಬಿಗಿದೆ, ಥ್ರೆಡ್ ಹೋಯಿತು. ಸರಿಮಾಡಿದ್ದೇನೆ. ಅದರ ಖರ್ಚು ನನ್ನದು."

ಶಿಕ್ಷಕರು ಮೆಚ್ಚಿಕೊಳ್ಳಲಿಲ್ಲ. "ನಿಮ್ಮ ಕೈಯಲ್ಲೂ ಹೀಗಾಗುತ್ತದೆಯೇ?" ಎಂದಷ್ಟೇ ಕೇಳಿ, ಹಣ ಕೊಟ್ಟು ಹೊರಟುಹೋದರು. ಆ ವರ್ಷ ಅವರು ಮತ್ತೆ ಆ ಗ್ಯಾರೇಜಿನ ಕಡೆಗೆ ಬರಲಿಲ್ಲ.

ಸತ್ಯಕ್ಕೆ ಇಂಥ ಬೆಲೆಯೂ ಉಂಟು. ಗುರುಗಳ ಮುಂದೆ ದೋಷವನ್ನು ನಿವೇದಿಸುವ ಆಲೋಚನೆಗೆ ಶಾಸ್ತ್ರಕಾರರು ಹತ್ತು ದೋಷಗಳನ್ನು ಹೇಳಿದ್ದಾರೆ. ಅನ್ಯರು ಕಂಡದ್ದನ್ನು ಮಾತ್ರ ಹೇಳಿ ಕಾಣದ್ದನ್ನು ಮುಚ್ಚಿಡುವುದು ಅವುಗಳಲ್ಲಿ ಒಂದು. ಸಿಕ್ಕಿಬಿದ್ದ ಮೇಲೆ ಒಪ್ಪಿಕೊಳ್ಳುವುದು ಕಷ್ಟವಲ್ಲ. ಯಾರೂ ಕಾಣದಿದ್ದುದನ್ನು ಹೇಳುವಲ್ಲಿಯೇ ವ್ರತದ ತೂಕ ತಿಳಿಯುವುದು. ಗ್ಯಾರೇಜಿಗೆ ಹೇಳಿದ ಈ ಮಾತು ಸಂಸ್ಥೆಗಳಿಗೂ ಸಲ್ಲುತ್ತದೆ. ಬಸದಿಯ ಮಾಳಿಗೆ ಸೋರುತ್ತಿರುವಾಗ ಒಳಗೋಡೆಗೆ ಸುಣ್ಣ ಬಳಿದು ಉತ್ಸವ ನಡೆಸುವುದು, ಒಂದು ನಿಧಿಯ ಕೊರತೆಯನ್ನು ಮತ್ತೊಂದರ ಹಣದಿಂದ ಮುಚ್ಚಿ ಲೆಕ್ಕ ಸರಿದೂಗಿಸುವುದು, ಇವೂ ಅಂಟಿನ ಮೇಲೆ ಕೂರಿಸಿದ ಬೋಲ್ಟುಗಳೇ. ಭಾರ ಬೀಳುವ ದಿನದವರೆಗೆ ಅವು ನೋಡಲು ಚೆನ್ನಾಗಿಯೇ ಇರುತ್ತವೆ.

ಆ ಮೆಕ್ಯಾನಿಕ್ ಈಗ ಸಂಜೆ ಐದಕ್ಕೆ ಪಾನಾಗಳನ್ನು ಕೆಳಗಿಟ್ಟು ಊಟಕ್ಕೆ ಹೋಗುತ್ತಾರೆ. ಉಳಿದ ಕೆಲಸವನ್ನು ಹಿಂದಿರುಗಿ ಬಂದು ನಿಧಾನವಾಗಿ ಮಾಡುತ್ತಾರೆ, ಇಲ್ಲವೆ ನಾಳೆಗೆಂದು ತಿಳಿಸಿಬಿಡುತ್ತಾರೆ. ಕೆಲವು ತಿಂಗಳ ಬಳಿಕ ಒಂದು ಮಧ್ಯಾಹ್ನ, ಅಂಟಿನ ಸಲಹೆ ಕೊಟ್ಟಿದ್ದ ಹುಡುಗ ಬೇರೊಂದು ಗಾಡಿಯ ಪಕ್ಕದಿಂದ ಎದ್ದು ಬಂದು ಅವರ ಮುಂದೆ ನಿಂತ. "ಅಣ್ಣಾ, ನನ್ನ ಕೈಲಿ ಒಂದು ಥ್ರೆಡ್ ಹೋಯ್ತು" ಎಂದ. ಅವನು ಹೇಳದಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಗದರಲಿಲ್ಲ. ಡ್ರಿಲ್ಲನ್ನು ತೆಗೆದು ಅವನ ಕೈಗೇ ಕೊಟ್ಟು, ಪಕ್ಕದಲ್ಲಿ ಕುಳಿತರು.